ಟೇಪಿನ ಸೊನ್ನೆ ತುದಿ

ನಿವೃತ್ತಿಯ ದಿನ ಕಚೇರಿಯವರು ಹೊದಿಸಿದ ಶಾಲು, ಹಾಕಿದ ಹಾರ, ಕೊಟ್ಟ ಗೋಡೆ ಗಡಿಯಾರ ಎಲ್ಲವನ್ನೂ ಸಂತೋಷದಿಂದಲೇ ತೆಗೆದುಕೊಂಡೆ. ಆದರೆ ಬಾಯಿಬಿಟ್ಟು ಕೇಳಿದ್ದು ಒಂದನ್ನೇ, ನನ್ನ ನೂರು ಅಡಿಯ ಹಳೆಯ ಬಟ್ಟೆ ಟೇಪು. ಸ್ಟೋರಿನ ಗುಮಾಸ್ತರು ತಲೆ ಕೆರೆದುಕೊಂಡು, "ಅದು ದಾಸ್ತಾನು ಪುಸ್ತಕದಲ್ಲಿ ಐತಲ್ಲ ಮೇಡಂ, ಎಂಗ್ ಕೊಡೋದು?" ಎಂದರು. ಆಮೇಲೆ ಅವರೇ ಪುಸ್ತಕ ತೆರೆದು "ಉಪಯೋಗಕ್ಕೆ ಬಾರದ್ದು" ಎಂದು ಷರಾ ಬರೆದು, ಟೇಪನ್ನು ಪೇಪರಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು. ಅದೇ ಷರಾ ನನಗೂ ಹೊಂದುತ್ತದೆ ಎಂದು ಯಾರೋ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮನೆ ಕಂದಾಯದ ಕೆಲಸಕ್ಕೆ ಈಗ ಹೊಸದಾಗಿ ಸೇರುತ್ತಿರುವ ಮಕ್ಕಳು ಆಗಾಗ ಸಿದ್ಧಾರ್ಥನಗರದ ನಮ್ಮ ಮನೆಗೆ ಬಂದು, "ಏನಾದ್ರೂ ಹೇಳಿ ಮೇಡಂ" ಎನ್ನುತ್ತಾರೆ. ಕರ ವಸೂಲಿಗಾರಳಾಗಿ ಸೇರಿ ಮೂವತ್ತನಾಲ್ಕು ವರ್ಷ ಈ ಊರಿನ ಮನೆಗಳನ್ನು ಅಳೆದವಳು ನಾನು. ಯಾವ ವರ್ಷ ಯಾವ ಕುರ್ಚಿಗೆ ಏರಿದೆ ಎಂಬುದರಿಂದ ಅವರಿಗೇನೂ ಪ್ರಯೋಜನವಿಲ್ಲ. ಅವರಿಗೆ ಹೇಳಲೇಬೇಕಾದದ್ದು ಒಂದಿದೆ. ನಾನು ಒಂದು ಬೆಳಿಗ್ಗೆ ಮಾಡಿದ ಅಸಡ್ಡೆಯಿಂದ ಕುಂಬಾರಕೊಪ್ಪಲಿನ ಹೆಂಗಸೊಬ್ಬರ ಮನೆಯ ಸೂರು ಇನ್ನೇನು ಕೆಳಗಿಳಿಯುವುದರಲ್ಲಿತ್ತು. ಅದನ್ನು ಬರೆಯಲೆಂದೇ ಕೂತಿದ್ದೇನೆ. ಆದರೆ ಆ ಅಸಡ್ಡೆ ಅರ್ಥವಾಗಬೇಕಾದರೆ ಮೊದಲು ನಮ್ಮ ಕೆಲಸ ಹೇಗಿತ್ತೆಂದು ಗೊತ್ತಾಗಬೇಕು.

ಕಂದಾಯದವರು ಬೀದಿಗೆ ಕಾಲಿಟ್ಟರೆ ಮನೆಗಳು ಚಿಕ್ಕವಾಗುತ್ತವೆ. ಇದು ನಾನು ಮೊದಲ ವಾರದಲ್ಲೇ ಕಲಿತ ಪಾಠ. ರೂಮು ಇದ್ದದ್ದು ಉಗ್ರಾಣವಾಗುತ್ತದೆ, ಉಗ್ರಾಣ ಇದ್ದದ್ದು ಸೌದೆ ಕೊಟ್ಟಿಗೆಯಾಗುತ್ತದೆ. ಮಹಡಿ ಮೆಟ್ಟಿಲಿನ ಬಾಗಿಲಿಗೆ ಬೀಗ ಬಿದ್ದು, ಬೀಗದ ಕೈ ನಂಜನಗೂಡಿಗೆ ಹೋದ ಅತ್ತೆಯ ಸೊಂಟದಲ್ಲಿರುತ್ತದೆ. ನಾವು ಚಾಪೆ ಕೆಳಗೆ ನುಸುಳಿದರೆ ಅವರು ರಂಗೋಲಿ ಕೆಳಗೆ ನುಸುಳುತ್ತಿದ್ದರು. ನನಗೆ ಅದರಿಂದ ಸಿಟ್ಟು ಬರುತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಮಜಾ ಅನ್ನಿಸುತ್ತಿತ್ತು.

ಹೆಬ್ಬಾಳದಲ್ಲಿ ಒಬ್ಬ ಯಜಮಾನರಿದ್ದರು. ಬಾಡಿಗೆಯ ಲೆಕ್ಕದ ಮೇಲೆ ಕಂದಾಯ ಗೊತ್ತು ಮಾಡುತ್ತಿದ್ದ ಕಾಲ ಅದು. ಮಹಡಿಯ ಮೇಲೆ ಒಂಬತ್ತು ಜೊತೆ ಚಪ್ಪಲಿ, ತಂತಿಯ ಮೇಲೆ ಒಂದೇ ಬಣ್ಣದ ಒಂಬತ್ತು ಅಂಗಿ. "ಯಾರ್ ಸ್ವಾಮಿ ಇವ್ರೆಲ್ಲ?" ಎಂದು ಕೇಳಿದೆ.

"ನೆಂಟ್ರು ಕಣಮ್ಮ, ನಮ್ಮನೆಯವ್ರ ಕಡೆಯೋರು. ಹಬ್ಬಕ್ ಬಂದವ್ರೆ" ಎಂದರು.

ಯಾವ ಹಬ್ಬವೆಂದು ನಾನು ಕೇಳುವಷ್ಟರಲ್ಲಿ ಬೀದಿಯ ತುದಿಯಲ್ಲಿ ಕಾರ್ಖಾನೆಯ ಬಸ್ಸು ಹಾರನ್ ಹೊಡೆಯಿತು. ಒಂಬತ್ತೂ ಜನ ನೆಂಟರು ಕೈಯಲ್ಲಿ ಊಟದ ಡಬ್ಬಿ, ಎದೆಯ ಮೇಲೆ ಬಿಲ್ಲೆ ಸಮೇತ ದಡದಡನೆ ಇಳಿದು ಓಡಿದರು. ಕೊನೆಯವನು ಓಡುತ್ತಲೇ, "ಓನರ್ರೇ, ಬಾಡ್ಗೆ ಸಂಜೆ ಕೊಡ್ತೀನಿ" ಎಂದು ಕೂಗಿ ಹೋದ. ಯಜಮಾನರು ಆಕಾಶ ನೋಡಿದರು. ನಾನು ಅರ್ಜಿಯಲ್ಲಿ "ಬಾಡಿಗೆಗೆ" ಎಂಬಲ್ಲಿ ಗುರುತು ಹಾಕಿದೆ. ಅವರು ರುಜು ಮಾಡಿದರು.

ನನಗೆ ಕೆಲಸ ಕಲಿಸಿದವರು ಸುಬ್ಬಣ್ಣನವರು, ಆಗಿನ ನಮ್ಮ ಇನ್ಸ್‌ಪೆಕ್ಟರು. ಸಣ್ಣ ಆಳು, ದೊಡ್ಡ ಗಂಟಲು. ಮೇಲಿನವರಿಗೆ ಹೆದರುತ್ತಿರಲಿಲ್ಲ, ಕೆಳಗಿನವರನ್ನು ಹೆದರಿಸುತ್ತಿರಲಿಲ್ಲ. ಅವರದು ಎರಡೇ ಕಟ್ಟಳೆ. ಮೊದಲನೆಯದು, ಅಳತೆ ಮುಗಿಯುವ ತನಕ ಆ ಮನೆಯ ಕಾಫಿ ಮುಟ್ಟಬಾರದು. "ಮುಂಚೆ ಕುಡುದ್ ಕಾಫಿ ಅಳ್ತೇಲಿ ಕಾಣ್ತದೆ ಕಣಮ್ಮ" ಎನ್ನುತ್ತಿದ್ದರು. ಎರಡನೆಯದು ಟೇಪಿನ ವಿಷಯ. ಟೇಪಿಗೆ ಎರಡು ತುದಿ. ಒಂದರಲ್ಲಿ ಡಬ್ಬಿ ಇರುತ್ತದೆ, ಇನ್ನೊಂದರಲ್ಲಿ ಉಂಗುರ. ಉಂಗುರದ ತುದಿಯೇ ಸೊನ್ನೆ. ಎಲ್ಲರೂ ಡಬ್ಬಿ ತಮ್ಮ ಕೈಯಲ್ಲಿಟ್ಟುಕೊಂಡು, ಉಂಗುರವನ್ನು ಅಟೆಂಡರ್ ಕೈಗೋ ಮನೆಯವರ ಕೈಗೋ ಕೊಟ್ಟು ಅಂಕಿ ಓದುತ್ತಾರೆ. ಸುಬ್ಬಣ್ಣನವರು ಅದನ್ನು ಒಪ್ಪುತ್ತಿರಲಿಲ್ಲ.

"ಸೊನ್ನೆ ನಿನ್ ಕೈಲಿರ್ಲಿ. ಅಂಕಿ ಅವ್ರು ಓದ್ಲಿ, ನೀನ್ ಓಗಿ ನೋಡು. ಅಂಕಿ ಸುಳ್ಳಾದ್ರೆ ಟೇಪಲ್ಲೇ ಕಾಣ್ತದೆ. ಸೊನ್ನೆ ಸುಳ್ಳಾದ್ರೆ ಎಲ್ಲೂ ಕಾಣಾಕಿಲ್ಲ."

ಹೊಸತರಲ್ಲಿ ಅವರ ಮಾತನ್ನು ವೇದದ ಹಾಗೆ ಪಾಲಿಸಿದೆ. ಅವರು ನಿವೃತ್ತರಾದ ಮೇಲೆ ನಾನು ಬಹಳ ತಿಳಿದವಳಾದೆ.

ನಾನು ಮಾಡಿದ ಸಣ್ಣಪುಟ್ಟ ಎಡವಟ್ಟುಗಳಿಗೇನೂ ಕಡಿಮೆಯಿಲ್ಲ. ಒಮ್ಮೆ ಕೆಂಪು ಹೆಂಚು ಹೊದಿಸಿ ಸುಣ್ಣ ಬಳಿದ ಚೆಂದದ ಹಿತ್ತಿಲ ಕೋಣೆಯನ್ನು ವಾಸದ ಕೋಣೆ ಎಂದು ಬರೆದುಕೊಂಡು ಬಂದಿದ್ದೆ. ಮರುದಿನ ಆ ಮನೆಯಾಕೆ ಕಚೇರಿಗೆ ಬಂದು, "ನಮ್ ಗೌರಿ ಅಲ್ಲಿ ವಾಸ ಮಾಡೋದು ನಿಜ ಮೇಡಂ. ಆದ್ರೆ ಅದು ಹಾಲ್ ಕೊಡ್ತದೆ, ಕಂದಾಯ ಕೊಡಕ್ಕಿಲ್ಲ" ಎಂದರು. ಗೌರಿ ಅವರ ಹಸು. ಆ ದಿನ ಹಸು ಮೇಯಲು ಹೋಗಿತ್ತು, ನನಗೆ ಖಾಲಿ ಕೋಣೆ ಕಂಡಿತ್ತು. ಕಚೇರಿಯಲ್ಲಿ ವರ್ಷಗಟ್ಟಲೆ ನನ್ನನ್ನು "ಹಸುವಿಗೆ ಕಂದಾಯ ಹಾಕಿದ ಮೇಡಂ" ಎಂದು ರೇಗಿಸಿದರು.

ಆಮೇಲೆ ಸ್ವಯಂ ಘೋಷಣೆಯ ಕಾಲ ಬಂತು. ನಿಮ್ಮ ಮನೆ ನೀವೇ ಅಳೆಯಿರಿ, ನಿಮ್ಮ ಕಂದಾಯ ನೀವೇ ಲೆಕ್ಕ ಹಾಕಿ, ಏಪ್ರಿಲ್‌ನಲ್ಲಿ ಕಟ್ಟಿದರೆ ನೂರಕ್ಕೆ ಐದು ರಿಯಾಯಿತಿ. ಜನ ಇದನ್ನು ನಂಬಿದ್ದು ನಿಧಾನವಾಗಿ. ಆದರೆ ನಂಬಿದ ಮೇಲೆ ಏಪ್ರಿಲ್ ತಿಂಗಳು ನಮಗೆ ಹಬ್ಬವಾಯಿತು. ಬಿಸಿಲಿನಲ್ಲಿ ಸಾಲು, ಸಾಲಿನಲ್ಲಿ ಮಜ್ಜಿಗೆ, ಪರಿಚಯ, ಮಕ್ಕಳ ಮದುವೆಯ ಮಾತು. ಒಬ್ಬ ನಿವೃತ್ತ ಮೇಷ್ಟರು ಪ್ರತಿ ವರ್ಷ ಮೊದಲ ರಸೀದಿ ತಮ್ಮದೇ ಆಗಬೇಕೆಂದು ಬಾಗಿಲು ತೆರೆಯುವ ಮುಂಚೆ ಬಂದು ನಿಲ್ಲುತ್ತಿದ್ದರು. ಒಂದು ವರ್ಷ ಅವರಿಗೆ ಎರಡನೆಯದು ಸಿಕ್ಕಿತು. ಮೂರು ದಿನ ದಾರಿಯಲ್ಲಿ ಸಿಕ್ಕರೂ ನನ್ನ ಜೊತೆ ಮಾತಾಡಲಿಲ್ಲ.

ಈಗ ಕುಂಬಾರಕೊಪ್ಪಲಿನ ವಿಷಯ.

ಸ್ವಯಂ ಘೋಷಣೆ ಶುರುವಾದ ಹೊಸದು. ಜನ ತುಂಬಿಕೊಟ್ಟದ್ದನ್ನು ಕೆಲವು ಬೀದಿಗಳಲ್ಲಿ ನಾವು ಅಳೆದು ತಾಳೆ ನೋಡಬೇಕಿತ್ತು. ಅಲ್ಲಿ ಅಣ್ಣ ತಮ್ಮಂದಿರ ಎರಡು ಮನೆ, ಒಂದಕ್ಕೊಂದು ಅಂಟಿಕೊಂಡಿದ್ದವು. ಅಪ್ಪನ ಕಾಲದಲ್ಲಿ ಒಂದೇ ಮನೆಯಾಗಿದ್ದದ್ದು. ಅಪ್ಪ ಬಾಯಿಮಾತಿನಲ್ಲಿ ಪಾಲು ಮಾಡಿ ನಡುವಿನ ಗೋಡೆಯನ್ನು ಇಬ್ಬರಿಗೂ ಬಿಟ್ಟಿದ್ದರು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಆ ಕಡೆಯ ಮನೆಯ ತೊಲೆಗಳೂ ಈ ಕಡೆಯ ಮನೆಯ ತೊಲೆಗಳೂ ಅದರ ಮೇಲೇ ಕೂತಿದ್ದವು. ಇಂಥದ್ದಕ್ಕೆ ಪಾಲುಗೋಡೆ ಎನ್ನುತ್ತಾರೆ. ಕಂದಾಯಕ್ಕೆ ಅಳೆಯುವಾಗ ಪಾಲುಗೋಡೆಯ ನಡುಮಧ್ಯಕ್ಕೆ ಟೇಪು ಹಿಡಿಯಬೇಕು, ಅರ್ಧ ಅವರ ಲೆಕ್ಕಕ್ಕೆ, ಅರ್ಧ ಇವರ ಲೆಕ್ಕಕ್ಕೆ.

ತಮ್ಮ ನಂಜಪ್ಪನವರು ಬೆಲ್ಲದ ವ್ಯಾಪಾರಿ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮಾತೆಲ್ಲ ಬೆಲ್ಲ. ಅಂದು ನಮ್ಮ ಅಟೆಂಡರ್ ರಾಚಯ್ಯ ಮಗಳ ಮದುವೆಗೆಂದು ರಜೆ ಹಾಕಿದ್ದ. ಹೋದ ಕೂಡಲೇ ನಂಜಪ್ಪನವರು ಕಾಫಿ ಕೊಟ್ಟರು, ಬಿಸಿಲಿನಲ್ಲಿ ಬಂದಿದ್ದೆ, ಕುಡಿದೆ. "ಆ ತುದಿ ನಾನ್ ಹಿಡ್ಕತೀನಿ, ನೀವ್ಯಾಕ್ ಓಡಾಡ್ತೀರಿ ಮೇಡಂ" ಎಂದರು, ಉಂಗುರ ಅವರ ಕೈಗೆ ಕೊಟ್ಟೆ. ಮನೆಯ ಮುಂಭಾಗಕ್ಕೆ ಹೊಸದಾಗಿ ನೀಲಿ ಬಣ್ಣ ಹೊಡೆಸಿದ್ದರು. ನೀಲಿ ಮುಗಿಯುವ ಜಾಗಕ್ಕೆ ಅವರು ಉಂಗುರ ಒತ್ತಿ ನಿಂತರು. ನಾನು ಈ ತುದಿಯಲ್ಲಿ ಓದಿದೆ, ಇಪ್ಪತ್ತು ಅಡಿ ಒಂಬತ್ತು ಇಂಚು.

ಅವರು ಅರ್ಜಿಯಲ್ಲಿ ತುಂಬಿದ್ದೂ ಅದೇ. ಹಳೆಯ ದಾಖಲೆಯಲ್ಲಿ ಇಪ್ಪತ್ತೇ ಅಡಿ ಇತ್ತು. ಒಬ್ಬ ಮನುಷ್ಯ ತನ್ನ ಮನೆಯನ್ನು ತಾನೇ ದೊಡ್ಡದೆಂದು ಹೇಳಿಕೊಳ್ಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಬರ್ಕಳಿ ಮೇಡಂ, ಬರ್ಕಳಿ. ಸರ್ಕಾರದ್ದು ತಿಂದು ಎಲ್ಲೀಗ್ ತಗಂಡೋಗದು?" ಎಂದರು. ನಕ್ಷೆಯ ಪಕ್ಕ ಎಲ್ಲೆ ಬರೆಯುವಾಗ, "ಪೂರ್ವಕ್ಕೆ ಸ್ವಂತ ಗೋಡೆ, ಅದರಾಚೆ ನಮ್ಮಣ್ಣನ ಮನೆ ಅಂತ ಬರ್ಕಳಿ" ಎಂದರು. ಬರೆದುಕೊಂಡೆ. ಅಷ್ಟೇ ಅಲ್ಲ, ಬೀದಿಯಲ್ಲಿ ನಿಂತಿದ್ದವರಿಗೆಲ್ಲ ಕೇಳುವ ಹಾಗೆ, "ಇವರನ್ನ ನೋಡಿ ಕಲೀರಿ" ಎಂದು ಹೊಗಳಿದೆ. ಮನೆಯನ್ನು ಚಿಕ್ಕದು ಮಾಡುವವರನ್ನು ಹಿಡಿಯುವುದರಲ್ಲಿ ಕಣ್ಣು ಅಷ್ಟು ಪಳಗಿತ್ತು. ದೊಡ್ಡದು ಮಾಡುವವನನ್ನು ಅನುಮಾನಿಸುವುದು ನನಗೆ ಗೊತ್ತೇ ಇರಲಿಲ್ಲ. ಬದುವಿನ ಜಗಳ ನೋಡುತ್ತಲೇ ಬೆಳೆದ ಒಕ್ಕಲು ಮನೆಯ ಮಗಳು ನಾನು, ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಅಂದು ಮರೆತೆ.

ಪಕ್ಕದ ಮನೆಗೆ ಹೋದೆ. ಅಣ್ಣನಿಗೆ ಪಾರ್ಶ್ವವಾಯು ಹೊಡೆದು ಮಲಗಿದ್ದರು. ಅವರ ಹೆಂಡತಿ ಚೆನ್ನಾಜಮ್ಮ ಬಾಗಿಲಲ್ಲೇ, "ಇವ್ರಿಗ್ ಗಂಜಿ ಕುಡುಸ್ತಾ ಇವ್ನಿ ಮೇಡಂ, ಹಳೇ ಅಳ್ತೆನೇ ಹಾಕಂಬುಡಿ" ಎಂದರು. ಕಾಯಿಲೆಯವರ ಮನೆಯಲ್ಲಿ ಟೇಪು ಎಳೆಯಲು ಮನಸ್ಸು ಬರಲಿಲ್ಲ. ಹಳೆಯ ಇಪ್ಪತ್ತು ಅಡಿಯನ್ನೇ ನಕಲು ಮಾಡಿದೆ. ಎರಡನ್ನೂ ಕೂಡಿಸಿ ಹಳೆಯ ನಲವತ್ತು ಅಡಿಯ ಜೊತೆ ತಾಳೆ ನೋಡಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಕೂಡಿಸಲಿಲ್ಲ.

ಹದಿನಾಲ್ಕು ವರ್ಷ ಕಳೆಯಿತು. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಒಂದು ದಿನ ಊಟದ ಹೊತ್ತಿಗೆ ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಒಂದು ಜೆರಾಕ್ಸ್. ನನಗೆ ಗುರುತು ಸಿಗಲಿಲ್ಲ.

"ಕುಂಬಾರಕೊಪ್ಪಲು, ಚೆನ್ನಾಜಮ್ಮ. ಇದು ನಿಮ್ ಸೈನೇ ಅಲ್ವ್ರಾ?" ಎಂದರು.

ನನ್ನದೇ. ನನ್ನದೇ ನಕ್ಷೆ, ನನ್ನದೇ ಕೈಬರಹ, "ಸ್ವಂತ ಗೋಡೆ".

ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ನಂಜಪ್ಪನವರು ಈಗ ಹಳೆಯ ಮನೆ ಕೆಡವಿ ಮೂರು ಅಂತಸ್ತು ಕಟ್ಟುತ್ತಾರಂತೆ. ಗೋಡೆ ತಮ್ಮದು, ಅದನ್ನೂ ಕೆಡವುತ್ತೇವೆ, ತಿಂಗಳೊಳಗೆ ನಿಮ್ಮ ತೊಲೆ ತೆಗೆದುಕೊಳ್ಳಿ ಎಂದಿದ್ದರಂತೆ. ಚೆನ್ನಾಜಮ್ಮ ನ್ಯಾಯ ಕೇಳಲು ಕುಲದ ಯಜಮಾನರ ಹತ್ತಿರ ಹೋದರು. ಅಲ್ಲಿ ನಂಜಪ್ಪನವರು ನಮ್ಮ ಕಚೇರಿಯಿಂದ ಪಡೆದ ಮೊಹರು ಹಾಕಿದ ನಕಲು ತೆಗೆದು ಮುಂದಿಟ್ಟರು. ಬಾಯಿಮಾತಿನ ಪಾಲಿಗೆ ಬೇರೆ ಕಾಗದವೇ ಇರಲಿಲ್ಲ. ಯಜಮಾನರು, ಬರುವ ಸೋಮವಾರದೊಳಗೆ ನಿನ್ನ ಕಡೆಯ ಕಾಗದ ತಾ ತಾಯಿ ಎಂದು ಹೇಳಿ ಕಳಿಸಿದ್ದರು.

"ಹನ್ನೊಂದು ತೊಲೆ ಮೇಡಂ. ಅಷ್ಟೂ ಆ ಗೋಡೆ ಮೇಲೆ ಕುಂತವೆ. ತೆಗುದ್ರೆ ಸೂರು ನನ್ ತಲೆ ಮೇಲೆ ಬೀಳ್ತದೆ. ನಾನ್ ಎಲ್ಲೀಗ್ ಹೋಗ್ಲಿ?" ಎಂದರು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಂದು ತಂದ ಬುತ್ತಿ ಹಾಗೇ ಮನೆಗೆ ವಾಪಸು ಹೋಯಿತು.

ಆಗ ನಮ್ಮ ಮೇಲಿದ್ದ ಅಧಿಕಾರಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಒಳ್ಳೆಯವರೇ. ಎಲ್ಲ ಕೇಳಿ ಹೇಳಿದರು, "ಕಂದಾಯದ ದಾಖಲೆ ಮಾಲೀಕತ್ವಕ್ಕೆ ಪುರಾವೆ ಅಲ್ಲ ಅಂತ ಒಂದು ಸಾಲು ಬರೆದುಕೊಡಿ, ಸಾಕು. ಕಾನೂನು ಇರೋದೇ ಹಾಗೆ. ನಿಮ್ಮ ತಪ್ಪು ಅಂತ ನೀವೇ ಬರೆದ್ರೆ ನಿಮಗೇ ನೋಟಿಸ್ ಕೊಡಬೇಕಾಗ್ತದೆ ನಾನು. ಇನ್ನೆರಡು ವರ್ಷ ಇದೆ, ಯಾಕ್ ಮೇಡಂ?"

ಅವರು ಹೇಳಿದ್ದು ಸರಿ. ಕಂದಾಯ ಕಟ್ಟಿದ ಮಾತ್ರಕ್ಕೆ ಗೋಡೆ ಯಾರದೂ ಆಗುವುದಿಲ್ಲ. ಮನೆ ಇರುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು. ರಸೀದಿ ಬೇರೆ, ಕ್ರಯಪತ್ರ ಬೇರೆ, ಪಾಲುಪತ್ರ ಬೇರೆ. ಆದರೆ ಜಗಲಿಯ ಮೇಲೆ ಕೂತ ಹಿರಿಯರು ಕಾನೂನಿನ ಸಾಲು ಓದುತ್ತಾರೋ, ಮೊಹರಿನ ಕೆಳಗಿನ ನಕ್ಷೆ ನೋಡುತ್ತಾರೋ? ನನಗೆ ಭಯವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಪಿಂಚಣಿ ನೆನಪಾಯಿತು, ಸಹೋದ್ಯೋಗಿಗಳ ನಗು ನೆನಪಾಯಿತು. ಹಸುವಿಗೆ ಕಂದಾಯ ಹಾಕಿದ್ದನ್ನು ಹೇಳಿಕೊಂಡು ನಾನೂ ನಗಬಹುದು, ಇದನ್ನು ಹೇಳಿಕೊಂಡು ನಗಲಾಗುವುದಿಲ್ಲ. ಅದೇ ಮಧ್ಯಾಹ್ನ ಮರು ಅಳತೆಗೆ ಅನುಮತಿ ಕೇಳಿ ಬರೆದೆ. ಕಾರಣ ಎಂಬಲ್ಲಿ "ನನ್ನಿಂದಾದ ತಪ್ಪು" ಎಂದು ಬರೆದೆ. ಅಧಿಕಾರಿ ನನ್ನ ಮುಖ ನೋಡಿ, ನಿಟ್ಟುಸಿರುಬಿಟ್ಟು ರುಜು ಹಾಕಿದರು.

ಸೋಮವಾರ ಬೆಳಿಗ್ಗೆ ಮಠದ ಜಗಲಿಯಲ್ಲಿ ಯಜಮಾನರು ಕೂತಿದ್ದರು. ನಾನು ಮಾತು ಶುರುಮಾಡದೆ, "ಎಲ್ಲ ಒಂದ್ಸಲ ಮನೆ ಹತ್ರ ಬನ್ನಿ" ಎಂದು ಕರೆದುಕೊಂಡು ಹೋದೆ. ಬೀದಿಯೆಲ್ಲ ಸೇರಿತು. ನಂಜಪ್ಪನವರು ಅಭ್ಯಾಸಬಲದಿಂದ ಉಂಗುರಕ್ಕೆ ಕೈ ಚಾಚಿದರು.

"ಸೊನ್ನೆ ನಾನ್ ಹಿಡೀತೀನಿ" ಎಂದೆ. ಡಬ್ಬಿಯನ್ನು ಅಲ್ಲಿದ್ದವರಲ್ಲೆಲ್ಲ ಹಿರಿಯ ಯಜಮಾನರ ಕೈಗೆ ಕೊಟ್ಟೆ. ನಂಜಪ್ಪನವರ ಮನೆಯ ಆ ಕೊನೆಯಿಂದ ಚೆನ್ನಾಜಮ್ಮನವರ ಮನೆಯ ಈ ಕೊನೆಯ ತನಕ ಒಂದೇ ಎಳೆತ. ಹಿರಿಯರು ಕನ್ನಡಕ ಸರಿಮಾಡಿಕೊಂಡು ಓದಿದರು, "ನಲವತ್ತಡಿ. ಸರ್ಯಾಗ್ ನಲವತ್ತು."

ನಾನು ದಾಖಲೆ ತೆರೆದೆ. ನಂಜಪ್ಪನವರದು ಇಪ್ಪತ್ತು ಅಡಿ ಒಂಬತ್ತು ಇಂಚು, ಚೆನ್ನಾಜಮ್ಮನವರದು ಇಪ್ಪತ್ತು. ನನಗಿಂತ ಮುಂಚಿನ ಪುಸ್ತಕವನ್ನೂ ತಂದಿದ್ದೆ, ಅದರಲ್ಲಿ ಇಬ್ಬರಿಗೂ ಇಪ್ಪತ್ತು ಇಪ್ಪತ್ತು, ನಡುವೆ ಪಾಲುಗೋಡೆ.

"ಜಾಗ ಬೆಳೀತದೇನಯ್ಯಾ? ಈ ಒಂಬತ್ತಿಂಚು ಎಲ್ಲಿಂದ್ ಬಂತು?" ಎಂದು ಹಿರಿಯರು ನಂಜಪ್ಪನವರನ್ನು ಕೇಳಿದರು.

"ನನ್ನೇನ್ ಕೇಳ್ತೀರಿ? ಅಳ್ದೋರು ಅವ್ರು. ಕೇಳಿ ಅವ್ರ್ನೇ."

ಎಲ್ಲರೂ ನನ್ನ ಕಡೆ ತಿರುಗಿದರು. ಇದೇ ಬೀದಿಯಲ್ಲಿ, ಇದೇ ಜಾಗದಲ್ಲಿ ನಿಂತು ನಾನು ಈ ಮನುಷ್ಯನನ್ನು ಹೊಗಳಿದ್ದೆ.

"ನಿಜ. ಅಳೆದೋಳು ನಾನು. ಸೊನ್ನೆ ಇವರ ಕೈಗೆ ಕೊಟ್ಟು ಅಳೆದೆ, ಎಲ್ಲಿ ಹಿಡಿದ್ರು ಅಂತ ಹೋಗಿ ನೋಡ್ಲಿಲ್ಲ. ಇವರು ಹೇಳಿದ್ದನ್ನ ಬರೆದೆ, ಆ ತಾಯಿ ಮನೆ ಅಳೀಲೇ ಇಲ್ಲ. ತಪ್ಪು ನಂದು. ಬರವಣಿಗೆಲೂ ಕೊಟ್ಟಿದ್ದೀನಿ" ಎಂದೆ.

ಆಮೇಲೆ ನಂಜಪ್ಪನವರೇ ನೆಲ ನೋಡುತ್ತಾ, "ನೀಲಿ ಬಣ್ಣ ಎಲ್ಲೀಗಂಟ ಇತ್ತೋ ಅಲ್ಲೀಗಂಟ ಹಿಡ್ದೆ" ಎಂದರು. ಆ ಬಣ್ಣ ಪಾಲುಗೋಡೆಯ ಪೂರ್ತಿ ದಪ್ಪವನ್ನು, ಅಂದರೆ ಅಣ್ಣನ ಪಾಲಿನ ಒಂಬತ್ತು ಇಂಚನ್ನೂ ನುಂಗಿತ್ತು. "ಬಣ್ಣ ಹೊಡ್ಸಿದ್ದು ಯಾರು?" ಎಂದರು ಹಿರಿಯರು. ಬೀದಿಯಲ್ಲಿ ಒಬ್ಬರು ನಕ್ಕರು, ಅದನ್ನು ಕೇಳಿ ಇನ್ನೊಬ್ಬರು ನಕ್ಕರು, ಕೊನೆಗೆ ನಂಜಪ್ಪನವರಿಗೂ ನಗು ತಡೆಯಲಾಗಲಿಲ್ಲ. ಪಾಲುಗೋಡೆ ಪಾಲುಗೋಡೆಯಾಗಿಯೇ ಇರಬೇಕು, ನಂಜಪ್ಪ ಕಟ್ಟುವುದಾದರೆ ಅದನ್ನು ಮುಟ್ಟದೆ ತನ್ನ ಜಾಗದಲ್ಲಿ ಬೇರೆ ಗೋಡೆ ಎಬ್ಬಿಸಿಕೊಳ್ಳಲಿ ಎಂದು ತೀರ್ಮಾನವಾಯಿತು. ಅದನ್ನು ಅಂದೇ ಕಾಗದದ ಮೇಲೆ ಬರೆಸಿ, ಇಬ್ಬರಿಂದಲೂ ರುಜು ಹಾಕಿಸಿ, ನೋಂದಣಿಗೂ ಕಳಿಸಿದೆವು.

ನಾನು ಟೇಪು ಸುತ್ತಿಕೊಳ್ಳುತ್ತಿದ್ದಾಗ ಚೆನ್ನಾಜಮ್ಮ ಬಂದು, "ಈಗ ನಂದೂ ಅಳೀರಿ" ಎಂದರು.

"ನಿಮ್ಮದು ಸರಿಯಾಗಿದೆಯಲ್ಲಮ್ಮ."

"ಎಲ್ ಸರ್ಯಾಗದೆ? ಅವ್ರು ಹೋದ್ಮೇಲೆ ಹಿಂದ್ಗಡೆ ಶೀಟ್ ಹಾಕಿ ಅಡಿಗೆಮನೆ ಮಾಡ್ಕಂಡಿವ್ನಿ, ಅದು ಎಲ್ಲೂ ಇಲ್ಲ. ಬರ್ಕಳಿ. ಇನ್ಮೇಲೆ ನನ್ ಮನೇದು ಏನೇನದೆಯೋ ಎಲ್ಲ ಕಾಗದದಲ್ಲಿ ಇರ್ಲಿ."

ಬರೆದುಕೊಂಡೆ. ಅವರ ಕಂದಾಯ ಸ್ವಲ್ಪ ಏರಿತು. ನಂಜಪ್ಪನವರದು ಸ್ವಲ್ಪ ಇಳಿಯಿತು, ಇಷ್ಟು ವರ್ಷ ಒಂಬತ್ತು ಇಂಚಿಗೆ ಹೆಚ್ಚಾಗಿ ಕಟ್ಟಿದ್ದನ್ನು ಮುಂದಿನ ಬಿಲ್ಲಿಗೆ ಹೊಂದಿಸಬೇಕಾಯಿತು. "ಗೋಡೆ ಹೋದ್ರೂ ಕಾಸ್ ಬಂತು ಬುಡಿ ಮೇಡಂ" ಎಂದು ಅವರು ಕಚೇರಿಗೇ ಬಂದು ಹೇಳಿ ಹೋದರು. ಆ ಮನುಷ್ಯನ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲೇ ಇಲ್ಲ. ನನಗೆ ನೋಟಿಸ್ ಬಂತು, ಒಂದು ವರ್ಷದ ಇಂಕ್ರಿಮೆಂಟ್ ಹೋಯಿತು. ಇಡೀ ಸೇವೆಯಲ್ಲಿ ನಾನು ಅಷ್ಟು ನೆಮ್ಮದಿಯಿಂದ ಕಳೆದುಕೊಂಡ ವಸ್ತು ಇನ್ನೊಂದಿಲ್ಲ.

ಈಗ ಟೇಪಿನ ಕಾಲ ಮುಗಿಯುತ್ತಿದೆ. ಮೇಲಿನಿಂದ ಚಿತ್ರ ತೆಗೆಯುತ್ತಾರೆ, ಇ-ಖಾತೆ ಬಂದಿದೆ, ಜನ ಫೋನಿನಲ್ಲೇ ತುಂಬಿ ಫೋನಿನಲ್ಲೇ ಕಟ್ಟುತ್ತಾರೆ. ಒಳ್ಳೆಯದೇ. ಆದರೂ ಅರ್ಜಿಯ ಅಂಕಿ ತುಂಬುವವರು ಮನೆಯವರೇ. ಹಾಗಾಗಿ ಹೊಸಬರಿಗೆ ನಾನು ಹೇಳುವುದು ಇಷ್ಟೇ, ಕಡಿಮೆ ಬರೆದವರನ್ನು ನೋಡುವಂತೆ ಹೆಚ್ಚು ಬರೆದವರನ್ನೂ ನೋಡಿ, ಪಕ್ಕದ ಮನೆಯ ಅಂಕಿ ಕೂಡಿಸಿ ನೋಡಿ. ಮನೆಯವರಿಗೆ ಹೇಳುವುದು, ವರ್ಷಕ್ಕೊಮ್ಮೆ ಕಂದಾಯ ಕಟ್ಟುವಾಗ ಮೊತ್ತ ಮಾತ್ರ ನೋಡಬೇಡಿ, ಅಳತೆ, ಹೆಸರು, ಎಲ್ಲೆ ಮೂರನ್ನೂ ಓದಿ. ಮನೆಯ ಯಜಮಾನರು ತೀರಿಕೊಂಡರೆ ಖಾತೆ ಬದಲಾಯಿಸಲು ವರ್ಷಗಟ್ಟಲೆ ಕಾಯಬೇಡಿ.

ಈ ಏಪ್ರಿಲ್‌ನಲ್ಲಿ ನನ್ನ ಮನೆಯದನ್ನು ನಾನೇ ತುಂಬಲು ಕೂತೆ. ಹೋದ ವರ್ಷ ಬಾಲ್ಕನಿಗೆ ಗಾಜು ಹಾಕಿಸಿ ಕೋಣೆ ಮಾಡಿಕೊಂಡಿದ್ದೇವೆ. "ಅದನ್ಯಾಕ್ ಬರೀತೀಯ, ಯಾರ್ ಬಂದ್ ನೋಡ್ತಾರೆ?" ಎಂದರು ನಮ್ಮ ಯಜಮಾನರು. ಮೂವತ್ತನಾಲ್ಕು ವರ್ಷ ಕೇಳಿದ ಮಾತು ನನ್ನ ಮನೆಯೊಳಗೇ ಕೇಳಿಸಿತು. ನಿವೇಶನದ ಅಳತೆಯನ್ನೂ ಸರಿಯಾಗಿ ಬರೆಯೋಣವೆಂದು ಹಳೆಯ ಟೇಪು ಇಳಿಸಿದೆ. ಅವರು ಪೇಪರ್ ಬಿಟ್ಟು ಏಳಲಿಲ್ಲ. ಅಂದು ಚೆನ್ನಾಜಮ್ಮ ಬಂದಿದ್ದರು. ವರ್ಷಕ್ಕೊಮ್ಮೆ ತಮ್ಮ ಕಂದಾಯ ಕಟ್ಟಿ, ರಸೀದಿಯನ್ನು ನನಗೆ ತೋರಿಸಿ, ಕಾಫಿ ಕುಡಿದು ಹೋಗುವುದು ಅವರ ರೂಢಿ.

"ಕೊಡಿ ಇಲ್ಲಿ, ನಾನ್ ಹಿಡ್ಕತೀನಿ" ಎಂದು ಎದ್ದರು. ನಾನು ಒಂದು ಗಳಿಗೆ ಟೇಪು ನೋಡಿ, ಸುಬ್ಬಣ್ಣನವರ ಕಟ್ಟಳೆ ಮುರಿದು, ಉಂಗುರವನ್ನೇ ಅವರ ಕೈಗೆ ಕೊಟ್ಟೆ.

ಅವರು ಪಕ್ಕದ ಮನೆಗೂ ನಮಗೂ ನಡುವಿನ ಕಾಂಪೌಂಡಿನ ಹತ್ತಿರ ಹೋಗಿ ನಿಂತು, "ಇದು ಪಾಲುಗೋಡೆಯಾ ಮೇಡಂ?" ಎಂದು ಕೂಗಿದರು.

"ಹೌದಮ್ಮ."

ಅವರು ಗೋಡೆಯ ನೆತ್ತಿಯ ಮೇಲೆ ಗೇಣು ಹಾಕಿ ನೋಡಿ, ಸರಿಯಾಗಿ ನಡುಮಧ್ಯಕ್ಕೆ ಉಂಗುರವಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದರು. "ಹೂಂ, ಎಳೀರಿ" ಎಂದರು. ನಾನು ಹೋಗಿ ನೋಡಲಿಲ್ಲ.